ಶಾಬರಿ ವಿದ್ಯೆ ಮತ್ತು ಕದ್ರಿಯ ಜೋಗಿ ಪರಂಪರೆ

ನಾಥಪಂಥದ ಹೆಸರಿನಲ್ಲಿ ಜನರ ನಡುವೆ ಓಡಾಡುವ ಮಂತ್ರಗಳ ರಾಶಿಗೆ ಶಾಬರಿ ವಿದ್ಯೆ ಎಂದು ಹೆಸರು. ಚೇಳು ಕುಟುಕಿದರೆ ಒಂದು, ಮಗುವಿಗೆ ದೃಷ್ಟಿಯಾದರೆ ಇನ್ನೊಂದು, ಯಾರೋ ಮಾಟ ಮಾಡಿಸಿದ್ದಾರೆಂಬ ಅನುಮಾನ ಹತ್ತಿದರೆ ಮತ್ತೊಂದು. ಇವನ್ನೆಲ್ಲ ಕಟ್ಟಿದವನು ಮಚ್ಛಿಂದ್ರನಾಥ ಎಂಬುದು ಮಹಾರಾಷ್ಟ್ರದ ನಂಬಿಕೆ. ಕನ್ನಡದಲ್ಲಿ ಅವನೇ ಮತ್ಸ್ಯೇಂದ್ರನಾಥ. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಅವನ ಶಿಲಾಮೂರ್ತಿಯಿದೆ.

ಮುಂಬಯಿ ಸಮೀಪದ ಠಾಣೆ ಜಿಲ್ಲೆಯಲ್ಲಿ, ಡೊಂಬಿವಲಿ ಮತ್ತು ಕಲ್ಯಾಣದ ನಡುವಿನ ಸಣ್ಣ ರೈಲು ನಿಲ್ದಾಣ ಠಾಕುರ್ಲಿ. ಹೋಟೆಲು, ಕಾರ್ಖಾನೆಗಳ ಕೆಲಸ ಹಿಡಿದು ಬಂದು ಈ ಸುತ್ತಿನಲ್ಲಿ ಬೇರೂರಿದ ತುಳು-ಕನ್ನಡ ಮನೆಗಳಿಗೆ ಮತ್ಸ್ಯೇಂದ್ರ ಎರಡೂ ಊರಿನಲ್ಲಿ ಸಿಗುತ್ತಾನೆ. ತವರಿನಲ್ಲಿ ಕದ್ರಿ, ಇಲ್ಲಿ ಕಲ್ಯಾಣದ ದಕ್ಷಿಣಕ್ಕೆ ಕಡಿದಾಗಿ ಎದ್ದು ನಿಂತ ಮಲಂಗಗಡ. ಮುಸ್ಲಿಮರಿಗೆ ಅದು ಯೆಮನ್‌ನಿಂದ ಬಂದ ಸಂತ ಹಾಜಿ ಅಬ್ದುಲ್ ರಹಮಾನರ ದರ್ಗಾ, ಹಾಜಿ ಮಲಂಗ್. ಹಿಂದೂಗಳಲ್ಲಿ ಅನೇಕರಿಗೆ ಮಚ್ಛಿಂದ್ರನಾಥನ ಸಮಾಧಿ. 1980ರ ದಶಕದಲ್ಲಿ ಈ ಹೆಸರಿನ ಜಗಳ ಬೀದಿಗೂ ಇಳಿಯಿತು. ಆದರೂ ಅಲ್ಲಿನ ಪಾರುಪತ್ಯ ತಲೆಮಾರುಗಳಿಂದ ಒಂದು ಮರಾಠಿ ಬ್ರಾಹ್ಮಣ ಮನೆತನದ ಕೈಯಲ್ಲಿದ್ದು, ಮಾಘ ಹುಣ್ಣಿಮೆಗೆ ಎರಡೂ ಕಡೆಯವರು ಬೆಟ್ಟ ಹತ್ತುತ್ತಾರೆ.

ಮಂತ್ರಕ್ಕೆ ಮಚ್ಛಿಂದ್ರನ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದರಲ್ಲಿ ಒಂದು ಮರಾಠಿ ಗ್ರಂಥದ ಪಾಲು ದೊಡ್ಡದು. ಧುಂಡಿಸುತ ಮಾಲು 1819ರಲ್ಲಿ ಬರೆದ ‘ನವನಾಥ ಭಕ್ತಿಸಾರ’ಕ್ಕೆ ನಲವತ್ತು ಅಧ್ಯಾಯ. ಮಚ್ಛಿಂದ್ರ ದೇವತೆಗಳನ್ನು ಒಲಿಸಿ, ಕೆಲವರನ್ನು ಬಗ್ಗಿಸಿ, ಶಾಬರಿ ವಿದ್ಯೆಯನ್ನು ಗಳಿಸಿದ ಕಥೆ ಅದರಲ್ಲಿದೆ. ಇಂದಿಗೂ ಠಾಣೆ ಜಿಲ್ಲೆಯ ಮರಾಠಿ ಮನೆಗಳಲ್ಲಿ ಅದರ ಪಾರಾಯಣ ನಡೆಯುತ್ತದೆ. ಯಾವ ಅಧ್ಯಾಯ ಓದಿದರೆ ಯಾವ ಫಲ ಎಂಬ ಪಟ್ಟಿಯೂ ಅಚ್ಚಾಗಿ ಬರುತ್ತದೆ. ಮಂತ್ರವಾದಿಯ ಮನೆಗೆ ಹೋಗಲು ಸಂಕೋಚಪಡುವವರಿಗೆ ಇದೊಂದು ಮರ್ಯಾದೆಯ ದಾರಿ.

ಶಾಬರ ಮಂತ್ರ ಕೇಳಿದವರಿಗೆ ಅದರ ಚಹರೆ ಮರೆಯುವುದಿಲ್ಲ. ಸಂಸ್ಕೃತದ ವ್ಯಾಕರಣ ಅದಕ್ಕೆ ಬೇಡ. ಹಿಂದಿ, ಮರಾಠಿ, ಪ್ರಾದೇಶಿಕ ನುಡಿಗಳು ಒಂದರ ಮೇಲೊಂದು ಬೀಳುತ್ತವೆ. ಹನುಮಂತನ ಪಕ್ಕದಲ್ಲೇ ಪೀರನೊಬ್ಬ ಬಂದು ನಿಲ್ಲಬಹುದು. ಬೇಡಿಕೆಗಿಂತ ಆಣೆಯೇ ಹೆಚ್ಚು: ಗುರುವಿನ ಶಕ್ತಿ, ನನ್ನ ಭಕ್ತಿ, ಕೆಲಸ ಆಗದಿದ್ದರೆ ಈಶ್ವರನ ಮಾತೇ ಸುಳ್ಳು ಎಂಬ ಧಾಟಿಯಲ್ಲಿ ದೇವರನ್ನೇ ಮಾತಿನಲ್ಲಿ ಕಟ್ಟಿಹಾಕುತ್ತದೆ. ಅಕ್ಷರ ಹೊಂದದ, ಅರ್ಥವಿಲ್ಲದ ಈ ಮಂತ್ರಗಳು ಶಿವನ ಪ್ರತಾಪದಿಂದ ಫಲಿಸುತ್ತವೆ ಎಂದು ತುಲಸೀದಾಸರೂ ‘ರಾಮಚರಿತಮಾನಸ’ದ ಬಾಲಕಾಂಡದಲ್ಲಿ ನೆನೆದಿದ್ದಾರೆ. ಅಂದರೆ ಹದಿನಾರನೆಯ ಶತಮಾನಕ್ಕಾಗಲೇ ಇದು ಎಲ್ಲರಿಗೂ ಗೊತ್ತಿದ್ದ ಸರಕು.

ನಾಥರ ಸಿದ್ಧಿಗಳನ್ನು ಕನ್ನಡ ಕಾವ್ಯ ಅಷ್ಟು ಸಲೀಸಾಗಿ ಒಪ್ಪಲಿಲ್ಲ. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮತ್ಸ್ಯೇಂದ್ರನ ಶಿಷ್ಯ ಗೋರಕ್ಷ ತನ್ನದು ವಜ್ರಕಾಯವೆಂದು ಬೀಗುತ್ತಾನೆ. ಶರಣ ಅಲ್ಲಮಪ್ರಭು ಕತ್ತಿ ಬೀಸಿದರೆ ಲೋಹಕ್ಕೆ ತಾಗಿದಂತೆ ಠಣ್ ಎನ್ನುತ್ತದೆ. ಸರದಿ ತಿರುಗಿ ಗೋರಕ್ಷ ಅಲ್ಲಮನ ಮೇಲೆ ಬೀಸಿದಾಗ ಕತ್ತಿ ಗಾಳಿಯನ್ನು ಸೀಳಿದ ಹಾಗೆ ಆಚೆ ಹೋಗುತ್ತದೆ, ಸದ್ದೇ ಇಲ್ಲ. ಮಾಟ-ಮಂತ್ರದ ಕುರಿತು ಕನ್ನಡದಲ್ಲಿ ಬಂದ ಟೀಕೆಗಳಲ್ಲಿ ಇಷ್ಟು ಚೊಕ್ಕವಾದದ್ದು ಕಡಿಮೆ.

ಕದ್ರಿಯ ದಾಖಲೆ ಇದಕ್ಕಿಂತ ಹಳೆಯದು. ಅಲ್ಲಿನ ಮೂರು ಮುಖ, ಆರು ಕೈಗಳ ಕಂಚಿನ ಲೋಕೇಶ್ವರನ ಪೀಠದ ಶಾಸನ ಆಳುಪ ದೊರೆ ಕುಂದವರ್ಮನದು, ಕಾಲ ಕ್ರಿ.ಶ. 968. ಶಾಸನ ಆ ಜಾಗವನ್ನು ವಿಹಾರ ಎನ್ನುತ್ತದೆ. ಹಾಗಾಗಿ ಮೊದಲು ಬೌದ್ಧರು, ಆಮೇಲೆ ನಾಥರು, ಕಡೆಗೆ ಮಂಜುನಾಥನ ಶೈವ ಆರಾಧನೆ ಎಂದು ಕೆಲವು ವಿದ್ವಾಂಸರು ಎಳೆ ಹಿಡಿದರು, ಒಪ್ಪದವರೂ ಇದ್ದಾರೆ. ನೇಪಾಳದಲ್ಲಿಯೂ ಲೋಕೇಶ್ವರನೇ ಮತ್ಸ್ಯೇಂದ್ರನಾಗಿ ಪೂಜೆಗೊಳ್ಳುವುದನ್ನು ನೋಡಿದರೆ ಮೊದಲ ಪಕ್ಷವನ್ನು ತಳ್ಳಿಹಾಕುವುದು ಸುಲಭವಲ್ಲ. ಭೂತಗಳಿಗೂ ಈ ಜಾಗದ ನಂಟಿದೆ: ಧರ್ಮಸ್ಥಳದ ಲಿಂಗವನ್ನು ಅಣ್ಣಪ್ಪ ದೈವ ತಂದದ್ದು ಕದ್ರಿಯಿಂದಲೇ ಎಂಬುದು ಕ್ಷೇತ್ರದ ಐತಿಹ್ಯ.

ಕದ್ರಿ ದೇವಸ್ಥಾನದ ಮೇಲಿನ ಗುಡ್ಡದಲ್ಲಿ ನಾಥರ ಜೋಗಿಮಠ. ಅದರ ಮುಖ್ಯಸ್ಥನಿಗೆ ‘ರಾಜ’ ಎಂದೇ ಹೆಸರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಈ ಜೋಗಿಯರಸನನ್ನು ನೋಡಲು ಆಸೆಯಿಂದ ಗುಡ್ಡ ಹತ್ತಿದ. ಕಂಡದ್ದು ಹೊಲಗೆಲಸದವನಂತೆ ದುಡಿಯುತ್ತಿದ್ದ ಮುದುಕ. ಉದ್ದನೆಯ ಬಿಳಿ ಗಡ್ಡ, ಗಟ್ಟಿ ಮೈಕಟ್ಟು, ತಲೆಯ ಮೇಲೆ ಕೆಂಪು ಟೊಪ್ಪಿಗೆ, ಕಿವಿಗಳಲ್ಲಿ ಕೋವಿಯ ಗುಂಡಿನಷ್ಟು ದಪ್ಪದ ಹೊಂಬಣ್ಣದ ಗುಂಡುಗಳು. ರಾಜನ ಭೂಮಿ ಆ ವೇಳೆಗೆ ಇಕ್ಕೇರಿಯ ವೆಂಕಟಪ್ಪ ನಾಯಕನ ವಶವಾಗಿತ್ತು.

ಆ ಕಿವಿಯೇ ಈ ಪರಂಪರೆಯ ಗುರುತು. ಕನ್‌ಫಟಾ ದೀಕ್ಷೆಯಲ್ಲಿ ಗುರು ಚುಚ್ಚುವುದು ಕಿವಿಯ ಹಾಲೆಯನ್ನಲ್ಲ. ನಡುವಿನ ಗಟ್ಟಿ ಮೃದ್ವಸ್ಥಿಯನ್ನು ಚೂರಿಯಿಂದ ಸೀಳುತ್ತಾನೆ. ಗಾಯ ಮುಚ್ಚಿಕೊಳ್ಳದಂತೆ ಬೇವಿನ ಕಡ್ಡಿ ತೂರಿಸುತ್ತಾರೆ, ಮಾಗಿದ ಮೇಲೆ ಕುಂಡಲ ಹಾಕುತ್ತಾರೆ. ಕೊರಳಿನ ಕರಿಯುಣ್ಣೆಯ ದಾರದಲ್ಲಿ ಪುಟ್ಟ ಸೀಟಿಯಂಥ ನಾದ ತೂಗುತ್ತದೆ. ಒಬ್ಬರನ್ನೊಬ್ಬರು ಕಂಡರೆ ‘ಆದೇಶ್’ ಎನ್ನುತ್ತಾರೆ. ಕಿವಿ ಸೀಳಿಸಿಕೊಳ್ಳದವನು ಔಘಡ, ಅರ್ಧ ದಾರಿಯವನು. ಕಿವಿ ಹರಿದು ಕುಂಡಲ ಬಿದ್ದರೆ ಹಿಂದೆ ಅಂಥವನನ್ನು ಪಂಥದಿಂದಲೇ ಹೊರಗಿಡುತ್ತಿದ್ದರೆಂದು ವಿದ್ವಾಂಸ ಬ್ರಿಗ್ಸ್ ಈ ಜೋಗಿಗಳ ಕುರಿತ 1938ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ.

ಕದ್ರಿಯ ರಾಜನ ಅವಧಿ ಹನ್ನೆರಡು ವರ್ಷ. ನಾಸಿಕದ ಸಿಂಹಸ್ಥ ಕುಂಭಮೇಳದ ಹೊತ್ತಿಗೆ ತ್ರ್ಯಂಬಕೇಶ್ವರದಲ್ಲಿ ಪಂಥದ ಹಿರಿಯರು ಹೊಸಬನನ್ನು ಆರಿಸುತ್ತಾರೆ. ಅವನೊಂದಿಗೆ ನೂರಾರು ಜೋಗಿಗಳು ಪಾತ್ರೆಯ ರೂಪದ ಪಾತ್ರದೇವತೆಯನ್ನು ಹೊತ್ತು ತಿಂಗಳುಗಟ್ಟಲೆ ನಡೆದು ಮಂಗಳೂರು ಸೇರುತ್ತಾರೆ. ಇದಕ್ಕೆ ‘ಝುಂಡಿ’ ಎಂದು ಹೆಸರು. 2003ರ ಸಿಂಹಸ್ಥದ ನಂತರ ಹೊರಟ ಝುಂಡಿಯನ್ನು ಫ್ರೆಂಚ್ ವಿದುಷಿ ವೆರೊನಿಕ್ ಬೂಯಿಯೆ ಅಧ್ಯಯನ ಮಾಡಿದ್ದಾರೆ. 2016ರ ಶಿವರಾತ್ರಿಯ ಹೊತ್ತಿಗೆ ಮತ್ತೊಮ್ಮೆ ಪಟ್ಟಾಭಿಷೇಕವಾಯಿತು. ಕರ್ನಾಟಕದಲ್ಲಿ ನಾಥ ಹೆಸರನ್ನು ಉಳಿಸಿಕೊಂಡ ಇನ್ನೊಂದು ದೊಡ್ಡ ಪೀಠ ಆದಿಚುಂಚನಗಿರಿ; ಅಲ್ಲಿನ ಸ್ವಾಮಿಗಳ ಹೆಸರು ‘ನಾಥ’ ಎಂದೇ ಮುಗಿಯುತ್ತದೆ.

ಹೀಗೆ ದೀಕ್ಷೆಗೆ ಕಿವಿಯ ಗಾಯ ಸಾಕ್ಷಿ, ಊರೆಲ್ಲ ಸಾಕ್ಷಿ. ಮಂತ್ರಕ್ಕೆ ಅಂಥ ಸಾಕ್ಷಿಯಿಲ್ಲ. ಠಾಣೆಯ ವಾರ್ಲಿ, ಕಾತಕರಿ ಪಾಡಿಗಳಲ್ಲಿ ಅಕ್ಕಿಕಾಳು ಹಿಡಿದು ಕಣಿ ಹೇಳುವ ಭಗತನಾಗಲಿ, ತುಳುನಾಡಿನ ಮಂತ್ರವಾದಿಯಾಗಲಿ ನಾಥದೀಕ್ಷೆ ಪಡೆದವರಲ್ಲ. ಗ್ರಹಣದ ರಾತ್ರಿ ಯಾರಿಂದಲೋ ಕೇಳಿ ಕಲಿತದ್ದು, ಬಸ್‌ಸ್ಟ್ಯಾಂಡಿನ ಅಂಗಡಿಯ ಪುಸ್ತಕದಿಂದ ಬರೆದುಕೊಂಡದ್ದು, ಎಲ್ಲವೂ ಮಚ್ಛಿಂದ್ರನ ಲೆಕ್ಕಕ್ಕೇ ಜಮೆಯಾಗುತ್ತದೆ.

ಇಂಗ್ಲೆಂಡಿನಲ್ಲೂ ಹಳ್ಳಿಯ ಮಂತ್ರಗಾರರು ಕಳೆದ ವಸ್ತು ಹುಡುಕಿಕೊಟ್ಟು, ಮಾಟ ತೆಗೆದು ಬದುಕಿದವರು, ಮಠವಿಲ್ಲ, ಪಟ್ಟವಿಲ್ಲ. 1735ರ ವಾಮಾಚಾರ ಕಾಯ್ದೆ 1951ರಲ್ಲಿ ರದ್ದಾದ ಮೇಲೆ, 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ತಾನು ಪುರಾತನ ಮಾಟಗಾತಿಯರ ಕೂಟವೊಂದರಲ್ಲಿ ದೀಕ್ಷೆ ಪಡೆದವನೆಂಬಂತೆ ಪುಸ್ತಕ ತಂದ. ಆ ಪರಂಪರೆ ಬಹುಪಾಲು ಇಪ್ಪತ್ತನೆಯ ಶತಮಾನದ ಕಟ್ಟಡವೆಂದು ಇತಿಹಾಸಕಾರ ರೊನಾಲ್ಡ್ ಹಟನ್ 1999ರಲ್ಲಿ ತೋರಿಸಿದರು. ಅಲ್ಲಿ ಮಂತ್ರ ಮೊದಲು, ಗುರುಪರಂಪರೆ ಆಮೇಲೆ. ಕದ್ರಿಯ ಪರಂಪರೆಗಾದರೋ ದಾರಿಹೋಕ ಇಟಲಿಯವನ ಬರಹವೇ ಸಾಕ್ಷಿ ಹೇಳುತ್ತದೆ.

ಇತ್ತ ಮಾಟ-ಮಂತ್ರಕ್ಕೆ ಕಾನೂನೂ ಎದುರಾಯಿತು: ಮಹಾರಾಷ್ಟ್ರದ ಮಾಟವಿರೋಧಿ ಕಾಯ್ದೆಗೆ ವಿಚಾರವಾದಿ ನರೇಂದ್ರ ದಾಭೋಲ್ಕರ್ ವರ್ಷಗಟ್ಟಲೆ ಹೋರಾಡಿದರು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ನಾಲ್ಕೇ ದಿನದಲ್ಲಿ ಸುಗ್ರೀವಾಜ್ಞೆ ಬಂತು, ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ಕರ್ನಾಟಕದ 2017ರ ಕಾಯ್ದೆ ಜಾರಿಯಾದದ್ದು 2020ರ ಜನವರಿಯಲ್ಲಿ. ದೆವ್ವ ಬಿಡಿಸುವ ನೆಪದ ಹೊಡೆತ, ಭಾನಾಮತಿಯ ಹೆಸರಿನ ಕಿರುಕುಳಗಳಿಗೆ ಈಗ ಜೈಲು. ವಾರ್ಲಿಗಳಲ್ಲಿ ‘ಭುತಾಳಿ’ (ಮಾಟಗಾತಿ) ಎನಿಸಿಕೊಂಡ ಹೆಂಗಸರ ಪಾಲಿಗೆ ಈ ಕಾನೂನು ತಡವಾಗಿ ಬಂದದ್ದೇ. ಕದ್ರಿಯ ಪಟ್ಟಾಭಿಷೇಕವಾಗಲಿ ನವನಾಥ ಪಾರಾಯಣವಾಗಲಿ ಅದರ ವ್ಯಾಪ್ತಿಗೆ ಬರುವುದಿಲ್ಲ. ನಾಸಿಕದ ಮುಂದಿನ ಸಿಂಹಸ್ಥದ ಮುಖ್ಯ ಸ್ನಾನಗಳು 2027ರಲ್ಲಿ. ಅದು ಮುಗಿದರೆ ಕದ್ರಿಯ ಗುಡ್ಡದಲ್ಲಿ ರಾಜ ಬದಲಾಗುವ ಸರದಿ.