ಹರಿಗೋಲಿನವರ ಒಡನಾಟ

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು" ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದಲೂ ಬಳಕೆಯಲ್ಲಿದೆ. ಉಪಕಾರವನ್ನು ಮರೆಯುವವರನ್ನು ಹಳಿಯುವುದಕ್ಕಾಗಿ ಹುಟ್ಟಿದ ಈ ಮಾತು ಇತಿಹಾಸವನ್ನು ಬರೆಯುವ ಮತ್ತು ಪಾಠಹೇಳುವ ನಮ್ಮಂಥವರಿಗೂ ಚೆನ್ನಾಗಿಯೇ ತಗಲುವುದು. "ದೊರೆಯು ಸೈನ್ಯಸಮೇತನಾಗಿ ನದಿಯನ್ನು ದಾಟಿದನು" ಎಂದು ನಾವು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತೇವೆ. ದಾಟಿಸಿದವರು ಯಾರು, ಎಷ್ಟು ಸಲ ಅವರು ಆ ದಡಕ್ಕೂ ಈ ದಡಕ್ಕೂ ಓಡಾಡಿದರು, ಪ್ರವಾಹದ ನಡುವೆ ಒಬ್ಬರ ಕೈಯನ್ನೊಬ್ಬರು ಹೇಗೆ ನಂಬಿದರು ಎಂಬ ವಿಚಾರಕ್ಕೆ ನಮ್ಮ ಗ್ರಂಥಗಳಲ್ಲಿ ಎಡೆ ದೊರೆತುದು ಕಡಮೆ. ಈ ಭಾಷಣದಲ್ಲಿ ಅವರ ವಿಷಯವನ್ನು ಸ್ವಲ್ಪ ಹೇಳಬೇಕೆಂಬುದು ನಮ್ಮ ಅಪೇಕ್ಷೆ.

ಬೆಂಗಳೂರಿನ ದಕ್ಷಿಣಭಾಗದಲ್ಲಿ, ಜಯನಗರ ಬನಶಂಕರಿಗಳಲ್ಲಿ, ವಾಸಮಾಡುವ ನಮಗೆ ಹೊಳೆಯ ಮಾತೇಕೆ ಎಂದು ಶ್ರೋತೃಗಳು ಕೇಳಬಹುದು. ನಮ್ಮ ಊರಿಗೆ ದೊಡ್ಡ ನದಿಯಿಲ್ಲವೆಂಬುದು ನಿಜವೇ. ಆದರೆ ಬಸವನಗುಡಿಯ ದೊಡ್ಡ ಬಸವಣ್ಣನ ಗುಡ್ಡದ ಬಳಿ ಹುಟ್ಟುವುದೆಂದು ಹೇಳುವ ವೃಷಭಾವತಿಯು ಅರ್ಕಾವತಿಯನ್ನು ಕೂಡಿಕೊಳ್ಳುತ್ತದೆ; ಅರ್ಕಾವತಿಯು ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಇತ್ತಲಾಗಿ 1974ರಿಂದ ಅದೇ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರ ಏರಿಬಂದು ನಮ್ಮ ನಲ್ಲಿಗಳಲ್ಲಿ ಸುರಿಯುತ್ತಿದೆ. ನಮ್ಮ ಮನೆಯ ಕೊಚ್ಚೆ ಅತ್ತ ಹೋಗುವುದು, ಅಲ್ಲಿಯ ತಿಳಿನೀರು ಇತ್ತ ಬರುವುದು. ಸಂಬಂಧವೇನೋ ಉಂಟು, ಅದು ನಮಗೆ ಅಷ್ಟು ಗೌರವ ತರುವಂತಹುದಲ್ಲ.

ನಾವು ಕೆಲವರು ಅಧ್ಯಾಪಕರು, ನೆರೆಹೊರೆಯ ಇನ್ನು ಕೆಲವು ಮಿತ್ರರು, ರಜೆಯ ದಿನಗಳಲ್ಲಿ ಕನಕಪುರದ ದಾರಿಹಿಡಿದು ಈ ಸಂಗಮಕ್ಕೆ ಹೋಗುವ ರೂಢಿಮಾಡಿಕೊಂಡೆವು. ಹರಿಗೋಲು, ದೋಣಿ, ತೆಪ್ಪ ಎಂದರೆ ನಮಗೆಲ್ಲ ಒಂದು ಬಗೆಯ ಹುಚ್ಚು. ಮೊದಲನೆಯ ಸಲ ಹೋದಾಗ ನಡೆದುದನ್ನು ಹೇಳಿಬಿಡುವೆವು. ನಾವು ಎಂಟು ಮಂದಿಯೂ ಒಟ್ಟಿಗೆ ಒಂದೇ ಹರಿಗೋಲಿನಲ್ಲಿ ಏರಿ ಕುಳಿತೆವು. ಅಂಬಿಗನು ನಮ್ಮನ್ನೂ ಹೊಳೆಯನ್ನೂ ಒಮ್ಮೆ ನೋಡಿ, ಮೂವರು ಇಳಿಯಬೇಕೆಂದನು. "ಇನ್ನೂ ಜಾಗ ಇದೆಯಲ್ಲಪ್ಪಾ" ಎಂದೆವು. "ಜಾಗ ಅದೆ ಸ್ವಾಮಿ, ನೀರು ಒಪ್ಪಾಕಿಲ್ಲ" ಎಂದನು. ನಾವು ಹೆಚ್ಚು ಹಣ ಕೊಡುವುದಾಗಿ ಹೇಳಿದೆವು. ಅಷ್ಟರಲ್ಲಿ ದಡದಲ್ಲಿದ್ದ ಮತ್ತೊಬ್ಬ ಅಂಬಿಗನು ಬಂದು, ಒಂದು ಮಾತನ್ನೂ ಆಡದೆ, ನಮ್ಮ ಹರಿಗೋಲಿನ ಅಂಚನ್ನು ಹಿಡಿದು ನಿಂತುಬಿಟ್ಟನು. ಮೂವರು ಇಳಿಯುವವರೆಗೆ ಅವನು ಕೈಬಿಡಲಿಲ್ಲ. ಇಳಿದವರನ್ನು ಅವನೇ ತನ್ನ ಹರಿಗೋಲಿಗೆ ಹತ್ತಿಸಿಕೊಳ್ಳುವನೆಂದು ಎಣಿಸಿದೆವು. ಹಾಗಾಗಲಿಲ್ಲ, ಸರದಿಯು ಮೂರನೆಯವನದು, ಅವನಿಗೇ ಆ ಬಾಡಿಗೆ ಸಂದಿತು. ಆ ಹೊತ್ತಿಗೆ ನಮಗೆ ಕೋಪವೇ ಬಂದಿತ್ತು. ಹಿಂದಿರುಗುವಾಗ ಮಾತ್ರ, ನಾವು ಕಂಡದ್ದು ಬಹು ಹಳೆಯದೊಂದು ಕಟ್ಟುಪಾಡು ಎಂಬುದು ಮನಸ್ಸಿಗೆ ಹೊಳೆಯಿತು.

ಹರಿಗೋಲಿನ ರಚನೆಯನ್ನು ಬಲ್ಲವರಿಗೆ ಈ ಕಟ್ಟುಪಾಡಿನ ಕಾರಣ ಸುಲಭವಾಗಿ ತಿಳಿಯುವುದು. ಬಿದಿರನ್ನು ಸೀಳಿ, ದಬ್ಬೆಗಳನ್ನು ಅಡ್ಡಡ್ಡಲಾಗಿ ಹೆಣೆದು, ದೊಡ್ಡ ಬುಟ್ಟಿಯಂತೆ ದುಂಡಗೆ ಮಾಡಿ, ಹೊರಮೈಗೆ ಹಿಂದೆ ಎತ್ತಿನ ಅಥವಾ ಎಮ್ಮೆಯ ಚರ್ಮವನ್ನು ಬಿಗಿಯುತ್ತಿದ್ದರು. ಈಚೆಗೆ ಚರ್ಮದ ಬದಲು ಟಾರ್ಪಾಲು ಅಥವಾ ಗೋಣಿಪಟ್ಟೆಯನ್ನು ಹೊದಿಸಿ ಡಾಂಬರು ಬಳಿಯುವರು. ಅದಕ್ಕೆ ಮುಂದು ಹಿಂದು ಎಂಬ ಭೇದವಿಲ್ಲ, ಚುಕ್ಕಾಣಿಯಿಲ್ಲ. ತಳ ಚಪ್ಪಟೆಯಾದುದರಿಂದ ಗೇಣುದ್ದ ನೀರಿನಲ್ಲಿಯೂ ತೇಲುವುದು, ಬಂಡೆಗೆ ತಾಗಿದರೂ ಬಗ್ಗುವುದೇ ಹೊರತು ಥಟ್ಟನೆ ಒಡೆಯುವುದಿಲ್ಲ. ಕಲ್ಲುಬಂಡೆಗಳಿಂದ ತುಂಬಿದ ನಮ್ಮ ತುಂಗಭದ್ರೆ, ಕೃಷ್ಣೆ, ಕಾವೇರಿಗಳಿಗೆ ಇದಕ್ಕಿಂತ ಒಪ್ಪುವ ಸಾಧನ ಇನ್ನೊಂದಿಲ್ಲ. ಆದರೆ ಒಬ್ಬನು ಹುಟ್ಟುಹಾಕಿದರೆ ಅದು ಗಿರ್ರನೆ ತಿರುಗತೊಡಗುವುದು. ಒಳಗಿರುವವರು ಒಂದೇ ಕಡೆಗೆ ಸರಿದರೆ ಅಂಚು ನೀರಿಗೆ ಬಾಗುವುದು. ಆದುದರಿಂದ ಹರಿಗೋಲನ್ನು ಏರಿದವರೆಲ್ಲರೂ, ಕೂಲಿಯವನಾಗಲಿ ಸಾಹುಕಾರನಾಗಲಿ, ದಡ ಸೇರುವವರೆಗೆ ಸಮತೂಕದ ಪಾಲುಗಾರರು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ದೊಮಿಂಗೊ ಪಾಯೆಸನು ಆನೆಗೊಂದಿಯ ಬಳಿ ಈ ದೋಣಿಗಳನ್ನು ಕಂಡು ಬೆರಗಾದನು. ಅವು ಬುಟ್ಟಿಗಳಂತೆ ದುಂಡಗಿದ್ದುವೆಂದೂ, ಒಳಗೆ ಬೆತ್ತ ಹೊರಗೆ ಚರ್ಮವೆಂದೂ, 15-20 ಜನರನ್ನು ಹೊರುತ್ತಿದ್ದುವೆಂದೂ, ಅಗತ್ಯಬಿದ್ದರೆ ಕುದುರೆ ಎತ್ತುಗಳನ್ನು ಸಹ ಸಾಗಿಸುತ್ತಿದ್ದುವೆಂದೂ, ನೆಟ್ಟಗೆ ಹೋಗಲಾರದೆ ಸದಾ ಸುತ್ತುತ್ತ ಹೋಗುತ್ತಿದ್ದುವೆಂದೂ ಅವನು ಬರೆದಿಟ್ಟಿದ್ದಾನೆ. ಈ ಬರಹವನ್ನು ರಾಬರ್ಟ್ ಸಿವೆಲ್ ಸಾಹೇಬರು ಇಂಗ್ಲಿಷಿಗೆ ತಿರುಗಿಸಿ 1900ರಲ್ಲಿ ಪ್ರಕಟಿಸಿದರು. ವಜ್ರ ವೈಡೂರ್ಯಗಳನ್ನೂ ಮಹಾನವಮಿಯ ವೈಭವವನ್ನೂ ವರ್ಣಿಸಿದ ಲೇಖನಿಯೇ ಈ ಬುಟ್ಟಿದೋಣಿಗಾಗಿಯೂ ಕೆಲವು ಪಂಕ್ತಿಗಳನ್ನು ಮೀಸಲಿಟ್ಟುದು ನಮ್ಮ ಭಾಗ್ಯವೆನ್ನಬೇಕು. ಏಕೆಂದರೆ ಆ ಮಹಾನಗರಕ್ಕೂ ಆನೆಗೊಂದಿಗೂ ನಡುವೆ ಜನರ ಓಡಾಟವನ್ನು ನಡೆಸುತ್ತಿದ್ದವರು ಈ ಅಂಬಿಗರೇ.

ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸನು ಬ್ಯಾಬಿಲೋನಿಗೆ ನದಿಯಲ್ಲಿ ಇಳಿದುಬರುತ್ತಿದ್ದ ದುಂಡನೆಯ ಚರ್ಮದ ದೋಣಿಗಳನ್ನು ವರ್ಣಿಸಿದ್ದಾನೆ. ಇಬ್ಬರು ನಿಂತು ಅದನ್ನು ನಡಸುವರಂತೆ. ಒಬ್ಬನು ಹುಟ್ಟನ್ನು ತನ್ನ ಕಡೆಗೆ ಎಳೆದರೆ ಇನ್ನೊಬ್ಬನು ಹೊರಕ್ಕೆ ತಳ್ಳುವನಂತೆ. ಪ್ರತಿ ದೋಣಿಯಲ್ಲಿಯೂ ಸರಕಿನ ಜತೆಗೆ ಒಂದು ಕತ್ತೆ ಇರುವುದು. ಸರಕನ್ನು ಮಾರಿದಮೇಲೆ ದೋಣಿಯ ಚೌಕಟ್ಟನ್ನೂ ಮಾರಿ, ಚರ್ಮಗಳನ್ನು ಆ ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಊರಿಗೆ ಮರಳುವರು. ಹೊಳೆಯ ಸೆಳೆತಕ್ಕೆ ಎದುರಾಗಿ ದೋಣಿ ಏರಲಾರದಷ್ಟೆ. ಇದನ್ನೋದಿದಾಗ ನಮಗೆ ಹೊಗೆನಕಲ್ಲು ನೆನಪಾಯಿತು. ಕನ್ನಡದ ಹೆಸರನ್ನೇ ಹೊತ್ತಿರುವ ಆ ಜಲಪಾತದ ಬಳಿ, ಇಂದಿಗೂ, ಅಂಬಿಗರು ಹರಿಗೋಲನ್ನು ಬೋರಲಾಗಿ ತಲೆಯ ಮೇಲೆ ಹೊತ್ತುಕೊಂಡು ದಡದ ಮೇಲೆ ನಡೆದುಹೋಗುವುದನ್ನು ಕಾಣಬಹುದು. ನೀರಿನಲ್ಲಿ ಅದು ಇವರನ್ನು ಹೊರುವುದು, ನೆಲದ ಮೇಲೆ ಇವರು ಅದನ್ನು ಹೊರುವರು.

ಅಂಬಿಗರೊಳಗಿನಿಂದಲೇ ಎದ್ದ ಧ್ವನಿಯೊಂದು ನಮ್ಮ ಸಾಹಿತ್ಯದಲ್ಲಿ ನಿಂತಿದೆ. 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನದು ಆ ಧ್ವನಿ. ತುಂಗಭದ್ರೆಯ ತೀರದಲ್ಲಿ, ಈಗಿನ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದೊಡನೆ ಅವನ ಹೆಸರು ಸೇರಿಕೊಂಡಿದೆ. ಇತರ ಶರಣರು ತಮ್ಮ ವಚನಗಳಿಗೆ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರೆ, ಇವನು ತನ್ನ ಹೆಸರನ್ನೂ ಕಸುಬನ್ನೂ ಕೂಡಿಸಿ ಅದನ್ನೇ ಅಂಕಿತಮಾಡಿಕೊಂಡನು. ಇದು ಅಹಂಕಾರವೆಂದು ಯಾರಾದರೂ ಹೇಳಿಯಾರು. ನಮಗೆ ಹಾಗೆ ತೋರುವುದಿಲ್ಲ. "ಅಂಬಿಗರ" ಎಂಬ ಮಾತು ಬಹುವಚನ. ತಾನು ಆ ಗುಂಪಿನ ಚೌಡಯ್ಯ ಎಂದು ಅವನು ಹೇಳಿಕೊಳ್ಳುತ್ತಾನೆ. ಡಾಂಭಿಕರಿಗೆ ಅಂಜದೆ ನೇರವಾಗಿ ಮಾತನಾಡುವ ಅವನ ಬಿರುನುಡಿ, "ನೀರು ಒಪ್ಪಾಕಿಲ್ಲ" ಎಂದು ನಮಗೆ ಹೇಳಿದ ಆ ಸಂಗಮದವನ ಮಾತಿಗೆ ಬಂಧುವೇ ಸರಿ.

ಯುದ್ಧಗಳ ಚರಿತ್ರೆಯಲ್ಲಿಯೂ ಹರಿಗೋಲಿಗೆ ಸ್ಥಾನವುಂಟು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಅಲ್ಲಿ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯು ನಮ್ಮ ನದಿಗಳ ಸ್ವಭಾವವನ್ನು ಚೆನ್ನಾಗಿ ಅರಿತುಕೊಂಡನು. 1800ರ ಮಳೆಗಾಲದಲ್ಲಿ ಧೋಂಡಿಯ ವಾಘನನ್ನು ಅಟ್ಟಿಕೊಂಡು ಹೋದಾಗಲೂ, 1803ರ ಮರಾಠಾ ಯುದ್ಧದಲ್ಲಿ ಗೋದಾವರಿಯನ್ನು ದಾಟಿದಾಗಲೂ ಅವನಿಗೆ ನೆರವಾದುದು ಚರ್ಮ ಹೊದಿಸಿದ ಬುಟ್ಟಿದೋಣಿಗಳೇ. ಅವನ ಪತ್ರಗಳಲ್ಲಿ ಇವುಗಳ ಪ್ರಸ್ತಾಪ ಪದೇಪದೇ ಬರುವುದು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಲೋಕಪ್ರಸಿದ್ಧನಾದ ಈ ಸೇನಾಪತಿಯ ಹೆಸರು ನಮ್ಮ ಮಕ್ಕಳಿಗೆಲ್ಲ ಗೊತ್ತು. ತುಂಬಿದ ಹೊಳೆಯಲ್ಲಿ ಅವನ ದಂಡನ್ನು ದಡಮುಟ್ಟಿಸಿದವರಲ್ಲಿ ಒಬ್ಬನ ಹೆಸರೂ ನಮ್ಮ ಪಾಠಗಳಲ್ಲಿ ಬರುವುದಿಲ್ಲ.

ಘಟ್ಟದ ಕೆಳಗೆ ಹೋದರೆ ಮರದ ದೋಣಿಯ ರಾಜ್ಯ. ಘಟ್ಟದ ಮೇಲಿನ ಸರಕು ಬಂಟವಾಳಕ್ಕೆ ಇಳಿದು, ಅಲ್ಲಿಂದ ನೇತ್ರಾವತಿಯ ದೋಣಿಗಳಲ್ಲಿ ಮಂಗಳೂರಿಗೆ ಸಾಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಮಣ್ಣನ್ನು ತರುವುದಕ್ಕೂ ಹಂಚನ್ನು ಒಯ್ಯುವುದಕ್ಕೂ ದೋಣಿಗಳ ಸಂಚಾರ ಹೆಚ್ಚಿತು. ಹೊನ್ನಾವರದಿಂದ ಶರಾವತಿಯಲ್ಲಿ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಹೋಗಿ, ಅಲ್ಲಿಂದ ಘಟ್ಟವೇರಿ ಜೋಗದ ಜಲಪಾತವನ್ನು ಕಾಣುವುದು ಒಂದು ಕಾಲದ ಪ್ರವಾಸಿಗಳ ಪದ್ಧತಿಯಾಗಿತ್ತು. ಈ ದೋಣಿಗಳಲ್ಲಿ ಒಬ್ಬನು ಚುಕ್ಕಾಣಿ ಹಿಡಿದರೆ ಉಳಿದವರು ಹುಟ್ಟು ಹಾಕುವರು ಅಥವಾ ಉದ್ದನೆಯ ಗಳುವನ್ನು ನೆಲಕ್ಕೂರಿ ನೂಕುವರು. "ಐಲೇಸಾ" ಎಂಬ ಕೂಗು ಕೇಳುವವರಿಗೆ ಹಾಡಿನಂತೆ ಇಂಪಾಗಿದ್ದರೂ, ಹತ್ತು ತೋಳುಗಳನ್ನು ಒಂದೇ ಕ್ಷಣಕ್ಕೆ ಕೂಡಿಸುವುದೇ ಅದರ ನಿಜವಾದ ಕೆಲಸ. ಕೂಗು ತಪ್ಪಿದವನ ಭಾರವನ್ನು ಪಕ್ಕದವನು ಹೊರಬೇಕಾಗುವುದು.

ಸೇತುವೆಗಳು ಬಂದುವು, ಕಡವುಗಳು ಒಂದೊಂದಾಗಿ ಬರಿದಾದುವು. ಇದನ್ನು ಕುರಿತು ಬರಿಯ ಕಣ್ಣೀರು ಸುರಿಸುವುದು ನಮ್ಮ ಉದ್ದೇಶವಲ್ಲ. ಮಳೆಗಾಲದ ನಡುರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದ ಹಳ್ಳಿಯವನಿಗೆ ಸೇತುವೆ ಬೇಕೇ ಬೇಕು. ಆದರೆ ಸೇತುವೆಯೂ ಮನುಷ್ಯರು ಕಟ್ಟಿದುದು. ಹಂಪೆಯ ತಳವಾರಘಟ್ಟದ ಬಳಿ ಆನೆಗೊಂದಿಗೆಂದು ಕಟ್ಟುತ್ತಿದ್ದ ಸೇತುವೆ, ಹಲವು ವರ್ಷಗಳ ವಿವಾದದ ತರುವಾಯ, 2009ರ ಜನವರಿಯಲ್ಲಿ ಕುಸಿದುಬಿದ್ದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಪಾಯೆಸನು ಕಂಡ ಹರಿಗೋಲು ಆ ನೀರಿನಲ್ಲಿ ಆಮೇಲೆಯೂ ಜನರನ್ನು ದಾಟಿಸುತ್ತಿತ್ತು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳೀನದಿಯ ಹಳೆಯ ಸೇತುವೆ ಮುರಿದು, ಅದರ ಮೇಲಿದ್ದ ಲಾರಿಯೊಂದು ಹೊಳೆಗೆ ಉರುಳಿತು. ಆ ಕತ್ತಲೆಯಲ್ಲಿ ಚಾಲಕನನ್ನು ಬದುಕಿಸುವುದಕ್ಕೆ ಒದಗಿದವರು ಅಲ್ಲಿಯ ಮೀನುಗಾರರು. ಅವನು ಪರನಾಡಿನವನು, ಯಾವ ಊರು, ಯಾವ ಜಾತಿ ಎಂದು ಕೇಳುವುದಕ್ಕೆ ಆಗ ವ್ಯವಧಾನವಿರಲಿಲ್ಲ.

ಅದೇ ಕಾರವಾರದಲ್ಲಿ ಇನ್ನೆರಡು ಘಟನೆಗಳು ನಡೆದಿವೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹಸ್ವಾಮಿಯ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಸಮುದ್ರದಲ್ಲಿ ಮಗುಚಿ 16 ಮಂದಿ ಮಡಿದರು. 2025ರ ಮೇ 21ರಂದು ಅಲ್ಲಿಯ ನೌಕಾನೆಲೆಯಲ್ಲಿ "ಕೌಂಡಿನ್ಯ" ಎಂಬ ಹಡಗನ್ನು ನೌಕಾಪಡೆಗೆ ಸೇರಿಸಿಕೊಂಡರು. ಅಜಂತೆಯ ಚಿತ್ರವೊಂದನ್ನು ಮಾದರಿಯಾಗಿಟ್ಟುಕೊಂಡು, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಕೇರಳದ ಬಡಗಿಗಳು ಕಟ್ಟಿದ ಹಡಗು ಅದು. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡವುಂಟು. ಹಳೆಯ ನೌಕಾವಿದ್ಯೆಯನ್ನು ಮತ್ತೆ ಕೈವಶಮಾಡಿಕೊಳ್ಳಬೇಕೆಂಬ ಉತ್ಸಾಹ ಸ್ತುತ್ಯವಾದುದು. ನಮ್ಮಂತಹ ಹುಚ್ಚರಿಗೆ ಅದು ಹಬ್ಬವೇ. ಆದರೂ ಈ ಎರಡನ್ನೂ ಒಟ್ಟಿಗೆ ನೆನೆಯಬೇಕು. ದೋಣಿಯ ವಿದ್ಯೆ ಎಂದರೆ ಹಲಗೆ ಹಗ್ಗಗಳ ವಿದ್ಯೆ ಮಾತ್ರವಲ್ಲ. ಎಷ್ಟು ಜನ ಏರಬಹುದು, ಯಾವಾಗ ಹೊರಡಬಾರದು ಎಂಬುದನ್ನು ಬಲ್ಲ ವಿವೇಕವೂ, ಅದನ್ನು ಗಟ್ಟಿಯಾಗಿ ಹೇಳಬಲ್ಲ ಧೈರ್ಯವೂ ಅದರಲ್ಲಿ ಸೇರಿದೆ.

ಈ ಧೈರ್ಯವು ಒಬ್ಬೊಂಟಿಗನಿಗೆ ಬಾರದು. ಹೆಚ್ಚಿನ ಹಣದ ಆಸೆ ತೋರಿಸಿದಾಗ ಒಬ್ಬನೇ ಇರುವ ಬಡ ಅಂಬಿಗನು ಸೋತಾನು. ಅವನು ಒಲ್ಲೆನೆಂದರೆ ಪಕ್ಕದವನು ಒಪ್ಪಿಕೊಂಡಾನು. ಒಬ್ಬನು ಬೇಡವೆಂದ ಭಾರವನ್ನು ಇನ್ನೊಬ್ಬನು ಹೊರುವುದಿಲ್ಲವೆಂಬ ಒಪ್ಪಂದ ಎಲ್ಲರಲ್ಲಿಯೂ ಇದ್ದಾಗ ಮಾತ್ರ ಆ ನಿರಾಕರಣೆಗೆ ಬೆಲೆ ಬರುವುದು. ಸ್ನೇಹವೆಂದರೆ ಒಟ್ಟಿಗೆ ಕುಳಿತು ನಗುವುದು, ಉಣ್ಣುವುದು ಎಂದು ನಾವು ಪಟ್ಟಣದವರು ಸಾಮಾನ್ಯವಾಗಿ ತಿಳಿದಿದ್ದೇವೆ. ಅದೂ ಸ್ನೇಹವೇ. ಆದರೆ ಅಂದು ಸಂಗಮದಲ್ಲಿ ಮಾತಿಲ್ಲದೆ ಹರಿಗೋಲಿನ ಅಂಚನ್ನು ಹಿಡಿದು ನಿಂತವನಿಗೆ ಅದರಿಂದ ಒಂದು ಕಾಸೂ ಲಾಭವಿರಲಿಲ್ಲ. ತನ್ನ ಜತೆಯವನ ಮಾತು ನಿಲ್ಲಬೇಕೆಂಬುದಷ್ಟೇ ಅವನ ಹಟ.

ಆಮೇಲೆ ನಾವು ಎಷ್ಟೋ ಸಲ ಅಲ್ಲಿಗೆ ಹೋಗಿದ್ದೇವೆ. ಈಗ ಹೇಳಿಸಿಕೊಳ್ಳದೆಯೇ ಐವರಂತೆ ಹಂಚಿಕೊಂಡು ಕುಳಿತುಕೊಳ್ಳುತ್ತೇವೆ. ಭಾರಿ ದೇಹದವರು ಎದುರುಬದುರಾಗಿ, ಹಗುರಾದವರು ನಡುವೆ. ಹೋದ ಸಲ ಅಂಬಿಗನು ಹುಟ್ಟನ್ನು ನಮ್ಮಲ್ಲಿ ಒಬ್ಬರ ಕೈಗೆ ಕೊಟ್ಟನು. ಹರಿಗೋಲು ಮೂರು ಸುತ್ತು ತಿರುಗಿ ಹೊರಟ ದಡಕ್ಕೇ ಬಂದು ಮುಟ್ಟಿತು. ಅವನು ನಗಲಿಲ್ಲ, ಹುಟ್ಟನ್ನು ತೆಗೆದುಕೊಂಡು, "ಎಳೀಬ್ಯಾಡಿ ಸ್ವಾಮಿ, ಅದು ಬಂದಂಗೆ ನೀವೂ ಬನ್ನಿ" ಎಂದು ಹೇಳಿ ತೋರಿಸಿಕೊಟ್ಟನು. ಅದನ್ನು ಕಲಿಯಲು ಇನ್ನೂ ಕೆಲವು ರಜೆಗಳು ಬೇಕಾಗುವುವು. ಅಷ್ಟರೊಳಗೆ, ನಮ್ಮ ಬೀದಿಗಳಿಂದ ಹೊರಟು ಅವನ ಹೊಳೆಯನ್ನು ಸೇರುವ ಕೊಚ್ಚೆಯ ವಿಷಯದಲ್ಲಿ ನಾವೇನು ಮಾಡಬಲ್ಲೆವೆಂಬುದನ್ನು ಯೋಚಿಸುವುದೂ ನಮ್ಮ ಪಾಲಿನ ಹುಟ್ಟುಹಾಕುವ ಕೆಲಸವೆಂದು ನಾವು ತಿಳಿದಿದ್ದೇವೆ.