ಓವಿಲೇ ಮಠದ ಉಗ್ರಾಣಿಕ ಮತ್ತು ನೊರೆಯುಕ್ಕುವ ದ್ರಾಕ್ಷಾರಸ



ಜನವರಿ 22 ಸಂತ ವಿನ್ಸೆಂಟರ ಹಬ್ಬ. ಸ್ಪೇನ್ ದೇಶದ ಸರಗೋಸದಲ್ಲಿ ಉಪಯಾಜಕರಾಗಿದ್ದ ಇವರು 304ರ ಸುಮಾರಿಗೆ ಚಕ್ರವರ್ತಿ ಡಯೋಕ್ಲೇಶಿಯನ್ನನ ಕಾಲದ ಹಿಂಸೆಯಲ್ಲಿ ರಕ್ತಸಾಕ್ಷಿಯಾದರು. ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರಿಗೆ ಇವರೇ ಪಾಲಕ ಸಂತರು. ಶಾಂಪೇನ್ ಸೀಮೆಯ ಹಳ್ಳಿಗಳಲ್ಲಿ ಜನರು ಇವರ ಸ್ವರೂಪ ಹೊತ್ತು ಮೆರವಣಿಗೆಯಲ್ಲಿ ದೇವಾಲಯಕ್ಕೆ ಹೋಗಿ ಬಲಿಪೂಜೆಯಲ್ಲಿ ಪಾಲ್ಗೊಳ್ಳುತ್ತಾರೆ. ಆ ಸೀಮೆಯ ಎಪೆರ್ನೇ ಪಟ್ಟಣವನ್ನು ನೋಡಿಬಂದ ನೆನಪನ್ನು ಈ ಹಬ್ಬದ ನಿಮಿತ್ತ ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಎಪೆರ್ನೇಯ ಮುಖ್ಯ ಬೀದಿಯ ಅಡಿಯಲ್ಲಿ ಇನ್ನೊಂದು ಊರೇ ಇದೆ. ಸುಣ್ಣದಕಲ್ಲಿನ ನೆಲವನ್ನು ಕೊರೆದು ಮಾಡಿದ ಉಗ್ರಾಣಗಳವು. 1743ರಲ್ಲಿ ಆರಂಭವಾದ ಮೊಯೆ ಎ ಶಾಂದೋಂ ಕಂಪನಿಯೊಂದರದೇ ಸುಮಾರು 28 ಕಿಲೋಮೀಟರ್ ಸುರಂಗ. ಮೆಟ್ಟಿಲಿಳಿದರೆ ಬೇಸಿಗೆಯಲ್ಲೂ ಚಳಿ. ಕತ್ತಲಲ್ಲಿ ಸಾಲುಸಾಲಾಗಿ ಮಲಗಿದ ಬಾಟಲಿಗಳು. ಮೇಲೆ, ಕಂಪನಿಯ ಮುಂದೆ, ಒಬ್ಬ ಸನ್ಯಾಸಿಯ ಪ್ರತಿಮೆ ನಿಂತಿದೆ. ಅವರೇ ದೋಂ ಪಿಯೆರ್ ಪೆರಿನ್ಯೋಂ. ನೊರೆಯುಕ್ಕುವ ದ್ರಾಕ್ಷಾರಸವನ್ನು ಕಂಡುಹಿಡಿದವರು ಈ ಸನ್ಯಾಸಿಯೇ ಎಂದು ಲೋಕವೆಲ್ಲ ನಂಬಿದೆ. ನಾನೂ ಹಾಗೆಯೇ ನಂಬಿದ್ದೆ. ನಮ್ಮವರೊಬ್ಬರ ಸಾಧನೆಯೆಂದು ಒಳಗೊಳಗೇ ಹೆಮ್ಮೆಯನ್ನೂ ಪಟ್ಟಿದ್ದೆ.

ಆದರೆ ಚರಿತ್ರೆ ಹೇಳುವುದೇ ಬೇರೆ. ಎಪೆರ್ನೇಗೆ ಸಮೀಪದ ಓವಿಲೇ ಗ್ರಾಮದ ಬೆನೆಡಿಕ್ಟಿನ್ ಮಠವು 7ನೇ ಶತಮಾನದ್ದು. ಪೆರಿನ್ಯೋಂ 1668ರಲ್ಲಿ ಅಲ್ಲಿ ಉಗ್ರಾಣಿಕರಾಗಿ 1715ರಲ್ಲಿ ತೀರಿಕೊಳ್ಳುವ ತನಕ, 47 ವರ್ಷ, ಆ ಸೇವೆ ಮಾಡಿದರು. ಶಾಂಪೇನ್ ತಂಪು ಸೀಮೆ. ಚಳಿಗಾಲದಲ್ಲಿ ರಸ ಹುಳಿಯುವುದು ನಿಂತುಹೋಗಿ, ವಸಂತದಲ್ಲಿ ಮತ್ತೆ ಶುರುವಾಗುತ್ತಿತ್ತು. ಆಗ ಹುಟ್ಟುವ ಅನಿಲ ಮುಚ್ಚಿದ ಬಾಟಲಿಯೊಳಗೆ ಸಿಕ್ಕಿಕೊಂಡು ನೊರೆಯಾಗುತ್ತಿತ್ತು, ಬಾಟಲಿಗಳು ಒಡೆಯುತ್ತಿದ್ದವು. ಆ ಕಾಲದ ಉಗ್ರಾಣಿಕರಿಗೆ ಇದೊಂದು ದೋಷ. ಅದನ್ನು ತಡೆಯುವುದೇ ಪೆರಿನ್ಯೋಂ ಅವರ ಚಿಂತೆಯಾಗಿತ್ತು! ಸಕ್ಕರೆ ಸೇರಿಸಿ ದ್ರಾಕ್ಷಾರಸವನ್ನು ನೊರೆಯುಕ್ಕಿಸುವ ಬಗೆಯನ್ನು 1662ರಲ್ಲಿ, ಅವರು ಉಗ್ರಾಣಿಕರಾಗುವುದಕ್ಕೂ ಮೊದಲೇ, ಲಂಡನ್ನಿನ ರಾಯಲ್ ಸೊಸೈಟಿಗೆ ಕ್ರಿಸ್ಟೋಫರ್ ಮೆರೆಟ್ ಎಂಬ ಇಂಗ್ಲಿಷ್ ವಿದ್ವಾಂಸ ಬರೆದು ಒಪ್ಪಿಸಿದ್ದ.

ಹಾಗಾದರೆ ಈ ಕಥೆ ಹುಟ್ಟಿದ್ದು ಹೇಗೆ? ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಮಠ ಮುಚ್ಚಿತು, ಸನ್ಯಾಸಿಗಳು ಚದುರಿದರು. ಮಠದಲ್ಲಿದ್ದವರಲ್ಲಿ ಒಬ್ಬರಾದ ದೋಂ ಗ್ರೊಸಾರ್ 1821ರಲ್ಲಿ ಬರೆದ ಪತ್ರವೊಂದರಲ್ಲಿ ಈ ಕೀರ್ತಿಯನ್ನು ಪೆರಿನ್ಯೋಂ ಅವರ ತಲೆಗೆ ಕಟ್ಟಿದರು. ಕಳೆದುಹೋದ ಮನೆಯ ಮೇಲಿನ ಪ್ರೀತಿ ಅದು. ಆಮೇಲೆ ವ್ಯಾಪಾರಿಗಳ ಜಾಹೀರಾತು ಅದನ್ನು ಬೆಳೆಸಿತು.

ಕಥೆ ಕಳಚಿದ ಮೇಲೆ ಉಳಿಯುವ ಮನುಷ್ಯ ಸಣ್ಣವರಲ್ಲ. ಬಳ್ಳಿಯನ್ನು ಬಿಗಿಯಾಗಿ ಸವರುವುದು, ಬೆಳಗಿನ ತಂಪಿನಲ್ಲಿ ಹಣ್ಣು ಕೊಯ್ಯುವುದು, ಬೇರೆ ಬೇರೆ ತೋಟಗಳ ದ್ರಾಕ್ಷಿಯನ್ನು ಹದವರಿತು ಕೂಡಿಸುವುದು, ಇವೆಲ್ಲದರಲ್ಲಿ ಅವರು ಪಳಗಿದವರು. ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯಲ್ಲಿ ಸನ್ಯಾಸಿಗಳಿಗೆ ದಿನಕ್ಕಿಷ್ಟೇ ದ್ರಾಕ್ಷಾರಸವೆಂದು ಅಳತೆ ಕಟ್ಟಿ, ಅದನ್ನೂ ಬಿಡಬಲ್ಲವರಿಗೆ ವಿಶೇಷ ಪ್ರತಿಫಲವುಂಟು ಎಂದಿದ್ದಾರೆ. ಕುಡಿತದಿಂದ ಕಣ್ಣೀರಿಡುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇರುವುದರಿಂದ ಇದನ್ನು ಮರೆಯದೆ ಹೇಳಬೇಕು.

1998ರಿಂದ ಮುಚ್ಚಿದ್ದ ಎಪೆರ್ನೇಯ ವಸ್ತುಸಂಗ್ರಹಾಲಯ 2021ರಲ್ಲಿ ಮತ್ತೆ ತೆರೆಯಿತು. 19ನೇ ಶತಮಾನದ ಪೆರಿಯೇ ಮಹಲಿನಲ್ಲಿ ಅದಿದೆ. ಒಂದು ಕಾಲಕ್ಕೆ ಸಮುದ್ರದಡಿಯಲ್ಲಿದ್ದ ಆ ನೆಲದ ಸುಣ್ಣದಕಲ್ಲು, ಸುತ್ತಲ ಊರುಗಳಲ್ಲಿ ಅಗೆದು ತೆಗೆದ ಪ್ರಾಚೀನ ವಸ್ತುಗಳು, ದ್ರಾಕ್ಷಿ ಕಸುಬಿನ ಸಲಕರಣೆಗಳು, ಎಲ್ಲವೂ ಒಂದೇ ಸೂರಿನಡಿ. ಅಲ್ಲಿ ನಡೆಯುವಾಗ ನನಗೆ ನೆನಪಾದವರು ಹೆಸರಿಲ್ಲದ ಜನ. ಬಾಟಲಿ ಸಿಡಿದು ಕಣ್ಣು ಹೋದೀತೆಂದು ಉಗ್ರಾಣದ ಆಳುಗಳು ಕಬ್ಬಿಣದ ಮುಖವಾಡ ತೊಟ್ಟು ದುಡಿಯುತ್ತಿದ್ದರು. ಹೊರಗಿನಿಂದ ಅಗ್ಗದ ದ್ರಾಕ್ಷಿ ತರಿಸುತ್ತಾರೆಂದು ನೊಂದ ಬೆಳೆಗಾರರು 1911ರಲ್ಲಿ ದಂಗೆಯೆದ್ದರು. ಆಯಿ ಊರಿನಲ್ಲಿ ವ್ಯಾಪಾರಿಗಳ ಮಳಿಗೆಗಳು ಉರಿದವು. ಮೊದಲ ಮಹಾಯುದ್ಧದಲ್ಲಿ ರೀಮ್ಸ್ ಪಟ್ಟಣದ ಮೇಲೆ ಗುಂಡು ಬೀಳುವಾಗ ಜನ ಇಂಥದೇ ಉಗ್ರಾಣಗಳಲ್ಲಿ ಅಡಗಿದರು. ಅಲ್ಲೇ ಮಕ್ಕಳಿಗೆ ಶಾಲೆ ನಡೆಯಿತು, ಅಲ್ಲೇ ಬಲಿಪೂಜೆ ಅರ್ಪಿತವಾಯಿತು. 2015ರಲ್ಲಿ ಯುನೆಸ್ಕೋ ಈ ಸೀಮೆಯ ತೋಟಗಳನ್ನೂ ಉಗ್ರಾಣಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾನಾ ಊರಿನ ಮದುವೆಯನ್ನು ನೆನೆಯೋಣ. ಉತ್ತಮ ದ್ರಾಕ್ಷಾರಸ ಎಲ್ಲಿಂದ ಬಂತೆಂದು ಔತಣದ ಮೇಲ್ವಿಚಾರಕನಿಗೆ ತಿಳಿಯಲಿಲ್ಲ. ಅವನು ಹೊಗಳಿದ್ದು ಮದುಮಗನನ್ನು. ನೀರು ತುಂಬಿ ತಂದ ಸೇವಕರಿಗೆ ಮಾತ್ರ ನಿಜ ಗೊತ್ತಿತ್ತು ಎನ್ನುತ್ತಾರೆ ಸಂತ ಯೊವಾನ್ನರು. ಹೊಗಳಿಕೆ ಒಬ್ಬರಿಗೆ, ದುಡಿಮೆ ಇನ್ನೊಬ್ಬರದು. ಇದು ನಮ್ಮ ಧರ್ಮಕೇಂದ್ರಗಳಲ್ಲೂ ನಡೆಯುತ್ತದೆ. ಅಮೃತಶಿಲೆಯ ಫಲಕದಲ್ಲಿ ದಾನಿಗಳ ಹೆಸರಿರುತ್ತದೆ. ಕಲ್ಲು ಹೊತ್ತವರ ಹೆಸರಿರುವುದಿಲ್ಲ. ನಿಮ್ಮ ಊರಿನ ದೇವಾಲಯ ಕಟ್ಟಿದ ಕಾಲವನ್ನು ಬಲ್ಲ ಅಜ್ಜ ಅಜ್ಜಿಯರು ಇನ್ನೂ ಇದ್ದರೆ, ಈ ಹಬ್ಬದ ದಿನಗಳಲ್ಲಿ ಅವರ ಬಳಿ ಕುಳಿತು ಕೇಳಿ ಬರೆದಿಡಿ. ಕಟ್ಟುಕಥೆ ಬೇಡ, ನಡೆದದ್ದೇ ಸಾಕು. ಸತ್ಯವೇ ಆಗಿರುವ ಪ್ರಭುವಿಗೆ ನಮ್ಮ ಸುಳ್ಳು ಕೀರ್ತಿಯ ಅಗತ್ಯವಿಲ್ಲ.

ಓವಿಲೇಯ ದೇವಾಲಯದಲ್ಲಿ ಪೆರಿನ್ಯೋಂ ಅವರ ಸಮಾಧಿಯಿದೆ. ಅಲ್ಲಿ ನಿಂತು ನಾನು ಪ್ರಾರ್ಥಿಸಿದ್ದು ನೊರೆಯ ಕಥೆಯ ನಾಯಕನಿಗಾಗಿ ಅಲ್ಲ. ವಹಿಸಿಕೊಂಡ ಕೆಲಸವನ್ನು 47 ವರ್ಷ ನಿಷ್ಠೆಯಿಂದ ಮಾಡಿದ ಒಬ್ಬ ಉಗ್ರಾಣಿಕನಿಗಾಗಿ. ಅಂಥ ನಿಷ್ಠೆಯನ್ನು ಪ್ರಭು ನಮಗೂ ದಯಪಾಲಿಸಲಿ.