ಇಪ್ಪತ್ತು ಮಕ್ಕಳಿಗೆ ಒಬ್ಬ ಟೀಚರ್

ಸರ್ಕಾರ ಶಾಲೆಗೆ ದುಡ್ಡು ಕೊಟ್ಟಿತು ಅಂದರೆ ನಾವು ಸುದ್ದಿಮನೆಯವರು ಬ್ರೇಕಿಂಗ್ ಹಾಕಿ ಸುಮ್ಮನಾಗಿಬಿಡುತ್ತೇವೆ. ಆ ದುಡ್ಡು ಆಮೇಲೆ ಯಾರ ಕೈ ಸೇರಿತು ಅಂತ ಬೆನ್ನು ಹತ್ತುವುದು ಕಡಿಮೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅಮೆರಿಕದ ಕ್ಯಾಲಿಫೋರ್ನಿಯಾದ ಈ ಕಥೆ ಕೇಳಿ.

1996ರಲ್ಲಿ ಅಲ್ಲಿನ ಪುಟ್ಟ ಮಕ್ಕಳ ತರಗತಿಯಲ್ಲಿ ಸರಾಸರಿ 29 ಮಕ್ಕಳು. ಅಮೆರಿಕದ ಲೆಕ್ಕದಲ್ಲಿ ಅದು ತೀರಾ ಜಾಸ್ತಿ. ಆ ವರ್ಷ ಬೊಕ್ಕಸ ತುಂಬಿತ್ತು. ಗವರ್ನರ್ ಪೀಟ್ ವಿಲ್ಸನ್ ಯೋಜನೆ ತಂದೇಬಿಟ್ಟರು: ಕಿಂಡರ್‌ಗಾರ್ಟನ್‌ನಿಂದ ಮೂರನೇ ಕ್ಲಾಸಿನವರೆಗೆ, ತರಗತಿಗೆ 20 ಮಕ್ಕಳಿಗೆ ಇಳಿಸಿದರೆ ತಲಾ 650 ಡಾಲರ್. ಬಜೆಟ್‌ಗೆ ಸಹಿ ಬಿದ್ದದ್ದು ಜುಲೈನಲ್ಲಿ. ಶಾಲೆ ಶುರುವಾಗಲು ಕೆಲವೇ ವಾರ ಬಾಕಿ!

ಇದೇನೂ ಗಾಳಿಯಲ್ಲಿ ಹುಟ್ಟಿದ ಆಸೆಯಲ್ಲ. 1985ರಿಂದ ನಾಲ್ಕು ವರ್ಷ ಟೆನೆಸ್ಸಿ ರಾಜ್ಯ 79 ಶಾಲೆಗಳಲ್ಲಿ ಚೀಟಿ ಎತ್ತಿದ ಹಾಗೆ ಮಕ್ಕಳನ್ನೂ ಟೀಚರ್‌ಗಳನ್ನೂ ಹಂಚಿ ನೋಡಿತ್ತು. 13ರಿಂದ 17 ಮಕ್ಕಳ ತರಗತಿಯವರು ಓದು, ಲೆಕ್ಕ ಎರಡರಲ್ಲೂ ಮುಂದೆ ಬಂದರು. ಹೆಚ್ಚು ಲಾಭವಾದದ್ದು ಕಪ್ಪು ಜನರ ಮಕ್ಕಳಿಗೆ. ಆದರೆ ಟೆನೆಸ್ಸಿಯದ್ದು ಪ್ರಯೋಗ. ಕ್ಯಾಲಿಫೋರ್ನಿಯಾ ಇಡೀ ರಾಜ್ಯಕ್ಕೇ ಒಂದೇ ಸಲ ಬಾಗಿಲು ತೆರೆಯಿತು.

ಏನಾಯಿತು? ಲೈಬ್ರರಿ, ಕಂಪ್ಯೂಟರ್ ಕೋಣೆಗಳೆಲ್ಲ ತರಗತಿಗಳಾದವು. ಆಟದ ಬಯಲಿಗೆ ಸಾಗಿಸಿ ತಂದ ರೆಡಿಮೇಡ್ ಕೋಣೆಗಳು ಬಂದು ಕೂತವು. ಕೋಣೆಯನ್ನೇನೋ ಲಾರಿಯಲ್ಲಿ ತರಬಹುದು, ಟೀಚರ್‌ನ? ಮೊದಲ ವರ್ಷವೇ ಸುಮಾರು 18 ಸಾವಿರ ಹೊಸ ಟೀಚರ್‌ಗಳು ಸೇರಿದರು. ಪೂರ್ತಿ ಅರ್ಹತೆಯಿಲ್ಲದವರು ನೂರಕ್ಕೆ 2ಕ್ಕಿಂತ ಕಡಿಮೆ ಇದ್ದದ್ದು ಎರಡೇ ವರ್ಷದಲ್ಲಿ 12 ದಾಟಿತು. ಇವರು ಹೆಚ್ಚಾಗಿ ಹೋಗಿ ಸೇರಿದ್ದು ಬಡ ಮಕ್ಕಳ ಶಾಲೆಗಳಿಗೆ. ಅಲ್ಲಿದ್ದ ಅನುಭವಿಗಳಲ್ಲಿ ಎಷ್ಟೋ ಜನ ಅನುಕೂಲಸ್ಥರ ಬಡಾವಣೆಗಳಲ್ಲಿ ಹೊಸದಾಗಿ ತೆರೆದ ಹುದ್ದೆಗಳತ್ತ ಹೊರಟರು. ಅವರನ್ನು ಬೈಯಲಾರೆ, ಹುದ್ದೆ ಸೃಷ್ಟಿಸಿದ್ದೇ ಸರ್ಕಾರ.

ಇನ್ನೊಂದು ನೋಡಿ. ಕಿಕ್ಕಿರಿದ ಬಡ ಶಾಲೆಗಳಲ್ಲಿ ಜಾಗವೇ ಇಲ್ಲ. ಜಾಗವಿಲ್ಲದೆ 20ಕ್ಕೆ ಇಳಿಸಲಾಗದು, ಇಳಿಸದಿದ್ದರೆ 650 ಡಾಲರೂ ಇಲ್ಲ. ಎಲ್ಲರಿಗೂ ಒಂದೇ ದರ ಅಂದದ್ದು ಕೇಳೋಕೆ ನ್ಯಾಯ. ನನ್ನ ಪ್ರಕಾರ ಎಡವಿದ್ದೇ ಅಲ್ಲಿ.

ಚಿಕ್ಕ ತರಗತಿಯನ್ನು ತಾಯ್ತಂದೆಯರು ಮೆಚ್ಚಿದರು, ಟೀಚರ್‌ಗಳೂ ಮೆಚ್ಚಿದರು. ಮಕ್ಕಳ ಅಂಕ ಏರಿದ್ದು ಇದರಿಂದಲೇ ಅಂತ ಮಾತ್ರ 2002ರ ಮೌಲ್ಯಮಾಪನ ಖಚಿತವಾಗಿ ಹೇಳಲಾಗಲಿಲ್ಲ. 2009ರಲ್ಲಿ ಆರ್ಥಿಕ ಕುಸಿತ ಬಂತು, 20ರ ನಿಯಮ ಸಡಿಲವಾಯಿತು. ಬಡ ಮಕ್ಕಳಿರುವ ಶಾಲೆಗೆ ಹೆಚ್ಚು ದುಡ್ಡು ಅನ್ನುವ ಹೊಸ ಸೂತ್ರ 2013ರಲ್ಲಿ ಬಂತು, ತರಗತಿಯ ಗುರಿ 24 ಆಯಿತು. ಅಷ್ಟರಲ್ಲಿ, 1996ರಲ್ಲಿ ಆರು ವರ್ಷದವನಾಗಿ ಒಂದನೇ ಕ್ಲಾಸಿಗೆ ಬಂದು ಕೂತಿದ್ದ ಹುಡುಗನಿಗೆ ಇಪ್ಪತ್ತಮೂರು ತುಂಬಿತ್ತು.